ವಿಪರೀತ ಬೇಸಗೆಯೂ ತೋಟದ ಜೀವಿಗಳೂ

(ವ್ಯವಸಾಯದ ಇನ್‌ಸ್ಪೆಕ್ಟರೊಬ್ಬರು ಬರೆದುದು)

ತೋಟವೆಂದರೆ ಮರ, ಮಣ್ಣು, ನೀರು ಈ ಮೂರೇ ಎಂದು ನಮ್ಮಲ್ಲಿ ಅನೇಕರು ಭಾವಿಸಿರುತ್ತಾರೆ. ಕೂಲಿಯಾಳುಗಳ ಲೆಕ್ಕವನ್ನು ಕಾಸೂ ಬಿಡದೆ ಬರೆದಿಡುವ ಯಜಮಾನರು ಸಹ, ತಮ್ಮ ತೋಟದಲ್ಲಿ ಕೂಲಿಯಿಲ್ಲದೆ ಹಗಲಿರುಳು ದುಡಿಯುವ ಜೇನು, ಹಕ್ಕಿ, ಕಪ್ಪೆ, ಕೇರೆಹಾವು, ಎರೆಹುಳು, ಕಡಜ ಮೊದಲಾದುವುಗಳ ಲೆಕ್ಕವನ್ನು ಎಲ್ಲಿಯೂ ಬರೆದಿಡುವುದಿಲ್ಲ. ಕಾಲವು ಕ್ರಮವಾಗಿ ನಡೆಯುತ್ತಿರುವಾಗ ಈ ಮರೆವಿನಿಂದ ದೊಡ್ಡ ನಷ್ಟವು ಕಾಣಬರುವುದಿಲ್ಲ. ಬೇಸಗೆಯು ಕ್ರಮ ತಪ್ಪಿದ ವರ್ಷದಲ್ಲಿಯಾದರೋ ಈ ಆಳುಗಳು ಒಬ್ಬೊಬ್ಬರಾಗಿ ಕೆಲಸ ಬಿಟ್ಟು ಹೋಗುತ್ತಾರೆ. ಫಸಲು ಕೈಗೆ ಬರುವ ಕಾಲದಲ್ಲಿ ಮಾತ್ರ ಅವರಿಲ್ಲದ ಕೊರತೆಯು ಯಜಮಾನರಿಗೆ ತಿಳಿಯುತ್ತದೆ. ಈ ವಿಷಯವನ್ನು ಗ್ರಾಮದ ಮುಖಂಡರ ಮತ್ತು ಜಮೀನುದಾರರ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶವಾಗಿರುತ್ತದೆ.

ಯಜಮಾನರೊಬ್ಬರ ಪ್ರಶ್ನೆ

೨೦೨೪ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ನಾನು ತುಮಕೂರು ಸೀಮೆಯ ಒಂದು ಗ್ರಾಮಕ್ಕೆ ಹೋಗಿದ್ದೆನು. ಕೆರೆಯು ಬತ್ತಿ, ಅದರ ಅಂಗಳವು ಬಿರುಕು ಬಿಟ್ಟಿದ್ದಿತು. ಕೆರೆಯ ಕೆಳಗೆ ಒಂದಕ್ಕೊಂದು ಹೊಂದಿಕೊಂಡು ಎರಡು ತೆಂಗಿನ ತೋಟಗಳಿವೆ. ಮೊದಲನೆಯದು ಆ ಗ್ರಾಮದ ಹಿರಿಯ ಯಜಮಾನರೊಬ್ಬರದು. ಎರಡನೆಯದು ವಯಸ್ಸಾದ ಒಬ್ಬ ಹೆಂಗಸಿನದು. ಯಜಮಾನರ ತೋಟದ ಕೆಳಗರಿಗಳು ದೂರದಿಂದ ನೋಡುವವರಿಗೆ ಬೆಂಕಿಯಲ್ಲಿ ಸುಟ್ಟಂತೆ ಕಾಣುತ್ತಿದ್ದುವು. ಗರಿಯೊಂದನ್ನು ಇಳಿಸಿ ನೋಡಲಾಗಿ, ಎಲೆಯ ತಳಭಾಗದಲ್ಲೆಲ್ಲ ನೂಲು ಮತ್ತು ಹಿಕ್ಕೆಗಳಿಂದ ಕಟ್ಟಿದ ಗೂಡುಗಳು. ಗೂಡುಗಳೊಳಗೆ ಕಪ್ಪು ತಲೆಯ ಹುಳುಗಳು. ಪಕ್ಕದ ತೋಟದಲ್ಲಿಯೂ ಹುಳು ಇಲ್ಲದೆ ಇರಲಿಲ್ಲ. ಆದರೆ ಅಲ್ಲಿಯ ಮರಗಳ ಗರಿಗಳು ಬಹುಮಟ್ಟಿಗೆ ಹಸುರಾಗಿಯೇ ಇದ್ದುವು.

ಯಜಮಾನರು ನನ್ನನ್ನು ಕುರಿತು, "ಸ್ವಾಮಿ, ತಾವು ಹೇಳಿದ ಹಾಗೆಯೇ ತೋಟವನ್ನು ಚೊಕ್ಕಟವಾಗಿಟ್ಟೆ. ಬೇಲಿ ಕಡಿಸಿ ತಂತಿ ಹಾಕಿಸಿದೆ. ತರಗು ಸುಡಿಸಿದೆ. ಆ ಅಜ್ಜಿ ಏನೂ ಮಾಡಲಿಲ್ಲ. ಹಾಗಿದ್ದೂ ಹುಳು ನನ್ನ ತೋಟವನ್ನೇ ಏಕೆ ಹಿಡಿಯಿತು?" ಎಂದು ಕೇಳಿದರು.

ಅವರ ಮಾತು ನಿಜವಾಗಿದ್ದಿತು. ಕೆಲವು ವರ್ಷಗಳ ಹಿಂದೆ ಅದೇ ಜಗಲಿಯ ಮೇಲೆ ಕುಳಿತು, ತೋಟವು ಅಂಗಳದಂತೆ ಗುಡಿಸಿರಬೇಕೆಂದೂ, ಬೇಲಿಯ ಪೊದೆಗಳು ಕ್ರಿಮಿಗಳಿಗೆ ಮನೆಯೆಂದೂ ನಾನೇ ಬುದ್ಧಿ ಹೇಳಿದ್ದೆನು. ಪಕ್ಕದ ತೋಟದ ಆ ಹಿರಿಯಳಿಗೆ ಕಸ ಗುಡಿಸದೆ ಇದ್ದುದಕ್ಕಾಗಿ ಎರಡು ಗಟ್ಟಿ ಮಾತುಗಳನ್ನೂ ಆಡಿದ್ದೆನು. ಯಜಮಾನರ ಪ್ರಶ್ನೆಗೆ ಆ ದಿವಸ ನಾನು ಸರಿಯಾದ ಉತ್ತರವನ್ನು ಕೊಡಲಾರದೆ ಹೋದೆನು. ಈ ಲೇಖನವನ್ನು ಆ ಉತ್ತರವೆಂದೇ ವಾಚಕರು ತಿಳಿಯಬಹುದು.

ಕ್ರಮ ತಪ್ಪಿದ ಎರಡು ಬೇಸಗೆಗಳು

ಬೇಸಗೆಯು ಎರಡು ಬಗೆಯಲ್ಲಿ ಕ್ರಮ ತಪ್ಪಬಹುದು. ಬಿಸಿಲು ಮಿತಿಮೀರಿ ಮಳೆಯೇ ಬಾರದಿರುವುದು ಒಂದು. ಮಳೆಯು ಕಾಲಕ್ಕೆ ಮುಂಚೆ ಬಂದು ಬಿಡದೆ ಸುರಿಯುವುದು ಮತ್ತೊಂದು. ನಮ್ಮ ರಾಜ್ಯವು ಈ ಎರಡನ್ನೂ ಒಂದರ ಹಿಂದೆ ಒಂದರಂತೆ ಕಂಡಿದೆ.

೨೦೨೩ರಲ್ಲಿ ಮುಂಗಾರು ಕೈಕೊಟ್ಟಿತು. ೧೯೦೧ರಿಂದ ಇಟ್ಟಿರುವ ಮಳೆಯ ಲೆಕ್ಕದಲ್ಲಿ ಆ ವರ್ಷದ ಆಗಸ್ಟ್ ತಿಂಗಳಷ್ಟು ಒಣಗಿದ ಆಗಸ್ಟ್ ಇಂಡಿಯಾ ದೇಶಕ್ಕೆ ಬೇರೊಂದಿಲ್ಲ. ರಾಜ್ಯದ ೨೩೬ ತಾಲ್ಲೂಕುಗಳಲ್ಲಿ ೨೨೩ನ್ನು ಬರಪೀಡಿತವೆಂದು ಸರ್ಕಾರದವರು ಸಾರಿದರು. ಇದರ ಬೆನ್ನಿಗೇ ಬಂದ ೨೦೨೪ರ ಬೇಸಗೆಯಲ್ಲಿ, ತಂಪಿಗೆ ಹೆಸರಾದ ಬೆಂಗಳೂರಿನಲ್ಲಿಯೇ ಏಪ್ರಿಲ್ ೨೮ರಂದು ಉಷ್ಣಮಾನವು ೩೮.೫ ಡಿಗ್ರಿ ಸೆಂಟಿಗ್ರೇಡಿಗೆ ಏರಿತು. ರೇವತಿ, ಅಶ್ವಿನಿ ಮಳೆಗಳು ಅನೇಕ ಕಡೆ ಹನಿಯನ್ನೂ ಹಾಕದೆ ಹೋದುವು.

೨೦೨೫ರಲ್ಲಿ ಇದಕ್ಕೆ ತಿರುಗುಮುರುಗಾಯಿತು. ವಾಡಿಕೆಯಂತೆ ಜೂನ್ ೧ರ ಸುಮಾರಿಗೆ ಕೇರಳವನ್ನು ಮುಟ್ಟತಕ್ಕ ಮುಂಗಾರು ಮಾರುತವು ಮೇ ೨೪ರಂದೇ ಮುಟ್ಟಿತು. ೨೦೦೯ರಿಂದೀಚೆಗೆ ಅದು ಅಷ್ಟು ಬೇಗ ಬಂದುದೇ ಇಲ್ಲ. ಮುಂಗಾರಿಗೆ ಮುಂಚಿನ ಮೂರು ತಿಂಗಳುಗಳಲ್ಲಿ ರಾಜ್ಯದಲ್ಲಿ ಬಿದ್ದ ಮಳೆಯು ವಾಡಿಕೆಯ ಎರಡು ಪಟ್ಟನ್ನೂ ಮೀರಿತು. "ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ" ಎಂಬ ಗಾದೆಯನ್ನು ನಂಬಿದವರು ಸಂತೋಷಪಟ್ಟರು. ಗಾದೆಯು ಸುಳ್ಳಲ್ಲ; ಆದರೆ ಅದು ಹದವಾದ ಮಳೆಯನ್ನು ಕುರಿತು ಹೇಳಿದ ಮಾತೆಂಬುದನ್ನು ಮರೆಯಲಾಗದು.

ಬಿಸಿಲು ಹಗೆಗೆ ಬಲ, ಮಿತ್ರನಿಗೆ ಬಾಧೆ

ಮೊದಲು ಯಜಮಾನರ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ತೆಂಗಿನ ಕಪ್ಪು ತಲೆಹುಳುವು ಒಣ ಬೇಸಗೆಯಲ್ಲಿ ಹೆಚ್ಚುವ ಪೀಡೆಯಾಗಿರುತ್ತದೆ. ಅದು ಎಲೆಯ ತಳದಲ್ಲಿ ತಾನೇ ಕಟ್ಟಿಕೊಂಡ ಗೂಡಿನ ನೆರಳಿನಲ್ಲಿದ್ದು ಹಸುರನ್ನು ಕೆರೆದು ತಿನ್ನುತ್ತದೆ. ಈ ಹುಳುವಿಗೆ ಸೃಷ್ಟಿಯಲ್ಲಿಯೇ ಶತ್ರುಗಳುಂಟು. ಇರುವೆಗಿಂತ ಹೆಚ್ಚು ದೊಡ್ಡದಲ್ಲದ ಗೋನಿಯೋಜಸ್ ಎಂಬ ಕಪ್ಪು ಕಡಜವು ಗೂಡಿನೊಳಕ್ಕೆ ನುಗ್ಗಿ, ಹುಳುವನ್ನು ಕುಟುಕಿ ಸ್ತಬ್ಧಗೊಳಿಸಿ, ಅದರ ಮೈಮೇಲೆ ಮೊಟ್ಟೆಗಳನ್ನಿಡುತ್ತದೆ. ಮರಿಗಳು ಆ ಹುಳುವನ್ನೇ ಹೀರಿ ಬೆಳೆಯುತ್ತವೆ. ಕ್ರಿಮಿಜಾತಿಯಲ್ಲಿ ಅಪರೂಪವಾದ ಒಂದು ಗುಣವು ಇದರಲ್ಲಿದೆ; ತಾಯಿಯು ಮೊಟ್ಟೆಗಳನ್ನಿಟ್ಟು ಹಾರಿಹೋಗದೆ ಮರಿಗಳ ಬಳಿಯಲ್ಲಿಯೇ ಕಾವಲಿರುತ್ತದೆ.

ಇಂಥ ಕಡಜದ ಮೈ ಬಹು ಸಣ್ಣದಾದುದರಿಂದ ಅದರಲ್ಲಿರುವ ನೀರೂ ಅತ್ಯಲ್ಪ. ಒಣಗಾಳಿಯೂ ಬಿಸಿಲೂ ಅದರ ಆಯುಸ್ಸನ್ನು ಬೇಗನೆ ಕುಗ್ಗಿಸುತ್ತವೆ. ಬೇಟೆಯಲ್ಲದೆ ಅದಕ್ಕೆ ಹೂವಿನ ಮಕರಂದವೂ ತಂಪಾದ ನೆರಳೂ ಬೇಕು. ಯಜಮಾನರ ತೋಟದಲ್ಲಿ ಬೇಲಿಯೊಂದಿಗೆ ಹೂವುಗಳೂ ಹೋಗಿದ್ದುವು. ತರಗಿನೊಂದಿಗೆ ನೆಲದ ತಂಪೂ ಹೋಗಿದ್ದಿತು. ಕಳೆನಾಶಕ ಔಷಧದಿಂದ ತುಂಬೆ ಮೊದಲಾದ ಸಣ್ಣ ಗಿಡಗಳೂ ಹೋಗಿದ್ದುವು. ಗೂಡಿನೊಳಗಿನ ಹುಳುವಿಗೆ ಇದರಿಂದ ಏನೂ ಕೊರತೆಯಾಗಲಿಲ್ಲ. ಅದನ್ನು ತಿನ್ನತಕ್ಕ ಕಡಜಕ್ಕೆ ಮಾತ್ರ ನಿಲ್ಲಲು ಸ್ಥಳವಿಲ್ಲವಾಯಿತು. ಪಕ್ಕದ ತೋಟದಲ್ಲಿ ಲಕ್ಕಿ, ಹೊಂಗೆ, ಕತ್ತಾಳೆಗಳ ಬೇಲಿಯಿದ್ದಿತು; ಮರಗಳ ಬುಡದಲ್ಲಿ ಗೇಣುದ್ದ ತರಗಿದ್ದಿತು. ಅಲ್ಲಿಯ ಗರಿಗಳ ಗೂಡುಗಳನ್ನು ಬಿಡಿಸಿದಾಗ, ಬತ್ತಿಹೋದ ಹುಳುವಿನ ಪಕ್ಕದಲ್ಲಿಯೇ ಕಡಜದ ಮರಿಗಳು ನೆಯ್ದ ಸಣ್ಣ ರೇಷ್ಮೆಗೂಡುಗಳು ಮತ್ತೆ ಮತ್ತೆ ಸಿಕ್ಕಿದುವು. ಎರಡು ತೋಟಗಳನ್ನು ನೋಡಿ ಒಂದು ಸಿದ್ಧಾಂತವನ್ನು ಕಟ್ಟಲಾಗದೆಂಬುದನ್ನು ನಾನು ಬಲ್ಲೆನು. ಆದರೆ ಕಂಡುದು ಶಾಸ್ತ್ರಕ್ಕೆ ಒಪ್ಪುವಂತಿದ್ದಿತು.

ಅಡಕೆಯ ನುಸಿಯ ವಿಷಯವೂ ಹೀಗೆಯೇ. ಬಿಸಿಲೇರಿದಷ್ಟೂ ನುಸಿಯ ಸಂತಾನವು ಬೇಗ ಬೇಗನೆ ಬೆಳೆಯುತ್ತದೆ. ನೆರಳಿಲ್ಲದ ಎಳೆಯ ಸಸಿಗಳು ಅದಕ್ಕೆ ಮೊದಲ ತುತ್ತು. ನುಸಿಯನ್ನು ತಿನ್ನುವ ಗುಲಗಂಜಿ ಹುಳುಗಳಾದರೋ ನೆರಳನ್ನೂ ತೇವವನ್ನೂ ಬಯಸುತ್ತವೆ. ನುಸಿಗೆಂದು ಸಿಕ್ಕಿದ ವಿಷವನ್ನೆಲ್ಲ ಸಿಂಪಡಿಸಿದರೆ ಉಳಿದಿದ್ದ ಗುಲಗಂಜಿ ಹುಳುಗಳೂ ಸತ್ತು, ಮುಂದಿನ ನುಸಿಗೆ ತಡೆಯೇ ಇಲ್ಲದಂತಾಗುತ್ತದೆ.

ಜೇನುಹುಳುಗಳು

ಜೇನುಗೂಡಿನೊಳಗೆ ಮರಿಗಳಿರುವ ಭಾಗದ ಉಷ್ಣಮಾನವು ೩೩ರಿಂದ ೩೬ ಡಿಗ್ರಿಗಳೊಳಗೆ ಇರಬೇಕು. ಹೊರಗಣ ಗಾಳಿಯು ಇದನ್ನು ಮೀರಿ ಕಾದಾಗ ಕೆಲಸಗಾರ ಹುಳುಗಳು ನೀರನ್ನು ಹೊತ್ತು ತಂದು ಗೂಡಿನೊಳಗೆ ಹನಿಹನಿಯಾಗಿ ಹಚ್ಚಿ, ರೆಕ್ಕೆಗಳಿಂದ ಗಾಳಿ ಬೀಸಿ, ಆ ನೀರು ಆರುವುದರಿಂದ ಗೂಡನ್ನು ತಂಪು ಮಾಡುತ್ತವೆ. ಹೀಗೆ ಮಾಡುವಾಗ ಮಕರಂದವನ್ನೂ ಪರಾಗವನ್ನೂ ತರತಕ್ಕ ಹುಳುಗಳೇ ನೀರಿನ ಆಳುಗಳಾಗುತ್ತವೆ. ಹತ್ತಿರದಲ್ಲಿ ನೀರಿಲ್ಲದಿದ್ದರೆ ದೂರದಿಂದ ತರಬೇಕು. ಹೂವಿಲ್ಲದಿದ್ದರೆ ಕೂಡಿಟ್ಟ ಜೇನನ್ನು ತಿನ್ನಬೇಕು. ಎರಡೂ ಇಲ್ಲವಾದರೆ ನಮ್ಮ ತುಡುವೆ ಜೇನು ಗೂಡನ್ನು ಬಿಟ್ಟು ಹಾರಿಹೋಗುತ್ತದೆ. ಪೆಟ್ಟಿಗೆ ಖಾಲಿಯಾದುದನ್ನು ಕಂಡು ಕೆಟ್ಟ ಗಳಿಗೆಯೆನ್ನುವವರುಂಟು. ನಿಜವಾದ ಕಾರಣವು ನೀರಿನ ತೊಟ್ಟಿಯಲ್ಲಿರುತ್ತದೆ.

ಇದರ ಫಲವು ಜೇನು ಸಾಕುವವನಿಗೆ ಮಾತ್ರ ತಟ್ಟುವುದೆಂದು ಎಣಿಸಬಾರದು. ಕುಂಬಳ, ಸೌತೆ, ಹೀರೆ ಮೊದಲಾದ ಬಳ್ಳಿಗಳಲ್ಲಿ ಗಂಡು ಹೂವೂ ಹೆಣ್ಣು ಹೂವೂ ಬೇರೆ ಬೇರೆ. ಕುಂಬಳದ ಹೂವು ನಸುಕಿನಲ್ಲಿ ಅರಳಿ ಹೊತ್ತೇರುವುದರೊಳಗೆ ಮುಚ್ಚಿಕೊಳ್ಳುತ್ತದೆ. ಅಷ್ಟರೊಳಗೆ ಹುಳು ಬಂದು ಪರಾಗವನ್ನು ಮುಟ್ಟಿಸದಿದ್ದರೆ ಪೀಚು ಹಳದಿಯಾಗಿ ಉದುರುತ್ತದೆ. ಅಲ್ಲದೆ ಬಿಸಿಲು ಮಿತಿಮೀರಿದಾಗ ಈ ಬಳ್ಳಿಗಳು ಗಂಡು ಹೂವುಗಳನ್ನೇ ಹೆಚ್ಚಾಗಿ ಬಿಡುತ್ತವೆ, ಪರಾಗವೂ ಸತ್ವಗುಂದುತ್ತದೆ. ೨೦೨೪ರಲ್ಲಿ ನನ್ನ ಬಳಿಗೆ ಬೀಜ ಕೆಟ್ಟದ್ದೆಂದು ಬಂದ ಅನೇಕ ದೂರುಗಳನ್ನು ವಿಚಾರಿಸಲಾಗಿ, ಬಳ್ಳಿ ಸೊಂಪಾಗಿಯೇ ಇದ್ದಿತು, ಹೂವೂ ಇದ್ದಿತು. ಹೂವಿನ ಮೇಲೆ ಹುಳು ಮಾತ್ರ ಇರಲಿಲ್ಲ.

ಮಲೆನಾಡಿನ ಮತ್ತು ಕೊಡಗಿನ ಕಾಫಿ ತೋಟಗಳವರಿಗೆ ಇದು ಇನ್ನೂ ಚೆನ್ನಾಗಿ ತಿಳಿದ ವಿಷಯ. ರೊಬಸ್ಟಾ ಜಾತಿಯ ಗಿಡಕ್ಕೆ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಬೇರೆ ಗಿಡದ ಪರಾಗವು ಗಾಳಿಯಿಂದಲೋ ಜೇನಿನಿಂದಲೋ ಬರಬೇಕು. ಹೂಮಳೆ ಬಿದ್ದ ಎಂಟು ಹತ್ತು ದಿವಸಗಳಿಗೆ ತೋಟವೆಲ್ಲ ಒಮ್ಮೆಗೇ ಬೆಳ್ಳಗಾಗಿ, ಕೆಲವೇ ದಿವಸಗಳಲ್ಲಿ ಹೂವು ಬಾಡುತ್ತದೆ. ಆ ಕೆಲವು ದಿವಸಗಳಲ್ಲಿ ಹೆಜ್ಜೇನು, ತುಡುವೆಗಳು ಹತ್ತಿರದಲ್ಲಿರಬೇಕು. ಹೂಮಳೆ ತಪ್ಪಿದರೆ ತುಂತುರು ನೀರಾವರಿಯಿಂದ ಹೂವನ್ನು ಬಿಡಿಸಬಹುದು. ಜೇನನ್ನು ಹಾಗೆ ಯಂತ್ರದಿಂದ ಬರಿಸಲಾಗದು.

ಹಕ್ಕಿಗಳೂ ಅಳಿಲುಗಳೂ

ಹಕ್ಕಿಗಳಿಗೆ ಮನುಷ್ಯರಂತೆ ಬೆವರುವ ಗ್ರಂಥಿಗಳಿಲ್ಲ. ನಡುಹಗಲಿನಲ್ಲಿ ಕಾಗೆ, ಗೊರವಂಕಗಳು ಕೊಕ್ಕು ತೆರೆದು ಏದುವುದನ್ನು ಎಲ್ಲರೂ ಕಂಡಿರುತ್ತೀರಿ. ಮೈಯ ಕಾವನ್ನು ಅವು ಹೊರದೂಡುವ ಉಪಾಯವೇ ಅದು. ಅದರಿಂದ ಮೈಯ ನೀರು ವ್ಯಯವಾಗುತ್ತದೆ. ಕುಡಿಯಲು ನೀರಿಲ್ಲದಿದ್ದರೆ ಹಕ್ಕಿಯು ಬಹಳ ಹೊತ್ತು ಬದುಕಿರಲಾರದು. ಬೇಸಗೆಯೇ ಪಿಕಳಾರ, ಗೊರವಂಕ, ಸಿಂಪಿಗ, ಮಡಿವಾಳ ಹಕ್ಕಿ ಮೊದಲಾದ ತೋಟದ ಹಕ್ಕಿಗಳು ಮರಿ ಮಾಡುವ ಕಾಲ. ಕಾಳು ತಿನ್ನುವ ಗುಬ್ಬಿಯು ಸಹ ತನ್ನ ಮರಿಗಳಿಗೆ ಹುಳುಗಳನ್ನೇ ಉಣಿಸುತ್ತದೆ. ಒಂದು ಗೂಡಿನ ಮರಿಗಳು ದೊಡ್ಡವಾಗುವ ಮುಂಚೆ ತೋಟದಿಂದ ಎಷ್ಟು ಹುಳುಗಳು ಕಡಮೆಯಾಗುವುವೆಂಬುದನ್ನು, ತಾಯಿಹಕ್ಕಿಯು ಬೆಳಗಿನ ಒಂದು ಗಂಟೆಯೊಳಗೆ ಎಷ್ಟು ಬಾರಿ ಹುಳು ಕಚ್ಚಿ ತರುವುದೆಂದು ಎಣಿಸಿ ನೋಡಿದವರು ತಾವೇ ಅರಿಯಬಲ್ಲರು.

ನೀರು ಸಿಗದ ವರ್ಷದಲ್ಲಿ ಇದೇ ಮಿತ್ರರು ಶತ್ರುಗಳಂತೆ ಕಾಣುತ್ತಾರೆ. ಪಿಕಳಾರವು ಟೊಮೇಟೊ ಹಣ್ಣನ್ನು ಕುಕ್ಕುತ್ತದೆ. ಅಳಿಲು ಹನಿ ನೀರಾವರಿಯ ಕೊಳವೆಯನ್ನು ಕಡಿಯುತ್ತದೆ. ಕೋತಿಗಳು ಎಳನೀರನ್ನು ಕಿತ್ತು ಬಿಸಾಡುತ್ತವೆ. ಇವುಗಳಲ್ಲಿ ಬಹುಭಾಗವು ಬಾಯಾರಿಕೆಯ ಕೆಲಸವೇ ಹೊರತು ಹಸಿವಿನದಲ್ಲ. ಕೊಳವೆಯ ಸಾಲಿನ ತುದಿಯಲ್ಲಿ ಅಗಲವಾದ ಮಣ್ಣಿನ ತಟ್ಟೆಯಲ್ಲಿ ನೀರಿಟ್ಟ ಒಬ್ಬ ರೈತರು, ಅಳಿಲು ಕೊಳವೆಯನ್ನು ಕಡಿಯುವುದು ಬಹಳ ಮಟ್ಟಿಗೆ ನಿಂತಿತೆಂದು ನನ್ನೊಡನೆ ಹೇಳಿದರು. ಹೊಸ ಕೊಳವೆಯ ಬೆಲೆಯನ್ನು ಬಲ್ಲವರಿಗೆ ಒಂದು ತಟ್ಟೆಯ ಬೆಲೆಯನ್ನು ಹೇಳಬೇಕಾದುದಿಲ್ಲ.

ಎರೆಹುಳು, ಕಪ್ಪೆ, ಹಾವು

ಬರಿಯ ನೆಲವು ನಡುಹಗಲಿನಲ್ಲಿ ಗಾಳಿಗಿಂತ ಬಹಳ ಹೆಚ್ಚಾಗಿ ಕಾಯುತ್ತದೆ. ಬರಿಗಾಲಿನಲ್ಲಿ ನಡೆದವರೆಲ್ಲರಿಗೂ ಇದು ತಿಳಿದಿದೆ. ತರಗಿನ ಹೊದಿಕೆಯಿರುವ ನೆಲವಾದರೋ ಮುಟ್ಟಿದರೆ ತಣ್ಣಗಿರುತ್ತದೆ. ಎರೆಹುಳುವು ತೇವವಾದ ಮೈಯಿಂದಲೇ ಉಸಿರಾಡುವ ಜೀವಿ. ನೆಲ ಒಣಗಿದಾಗ ಅದು ಆಳಕ್ಕೆ ಇಳಿದು ಉಂಡೆಯಂತೆ ಸುತ್ತಿಕೊಂಡು ನಿದ್ರಿಸುತ್ತದೆ; ಆಗ ಅದರ ಉಳುಮೆಯೂ ನಿಲ್ಲುತ್ತದೆ. ಹೊದಿಕೆಯಿರುವ ತೋಟದಲ್ಲಿ ಈ ಆಳು ರಜೆ ತೆಗೆದುಕೊಳ್ಳುವ ದಿವಸಗಳು ಕಡಮೆ.

ಕಪ್ಪೆಯ ಕಷ್ಟವು ಬೇರೊಂದು ಬಗೆಯದು. ಏಪ್ರಿಲ್ಲಿನಲ್ಲಿ ಒಂದು ದೊಡ್ಡ ಮಳೆ ಬಿದ್ದು ಹೊಂಡಗಳು ತುಂಬಿದರೆ, ಮಳೆಗಾಲ ಬಂದಿತೆಂದು ಮೋಸಹೋಗಿ ಕಪ್ಪೆಗಳು ಕೂಗಿ ಮೊಟ್ಟೆಗಳನ್ನಿಡುತ್ತವೆ. ಮರಿಗೆ ಕಾಲು ಮೂಡಿ ನೀರಿನಿಂದ ಹೊರಬರಲು ಕೆಲವು ವಾರಗಳು ಬೇಕು. ಅಷ್ಟರೊಳಗೆ ಹೊಂಡವು ಬತ್ತಿದರೆ ಆ ವರ್ಷದ ಒಂದು ಪೀಳಿಗೆಯೇ ಕೆಸರಿನಲ್ಲಿ ಒಣಗಿಹೋಗುತ್ತದೆ. ಕಪ್ಪೆಯು ತಿನ್ನುವ ಕೀಟಗಳ ಉಪಕಾರವನ್ನು ಮನಗಂಡೇ ೧೯೮೭ರಲ್ಲಿ ಕಪ್ಪೆಯ ಕಾಲುಗಳನ್ನು ಪರದೇಶಕ್ಕೆ ಕಳುಹಿಸುವ ವ್ಯಾಪಾರವನ್ನು ಇಂಡಿಯಾ ಸರ್ಕಾರದವರು ನಿಲ್ಲಿಸಿದರು. ಮಾರಾಟದಿಂದ ಉಳಿದ ಕಪ್ಪೆಯನ್ನು ನಾವು ನೀರಿಲ್ಲದೆ ಕೊಲ್ಲುವುದು ವಿವೇಕವಲ್ಲ.

ಹಾವು ತನ್ನ ಮೈಯ ಕಾವನ್ನು ತಾನೇ ಹದದಲ್ಲಿಡಲಾರದು. ಬಿಸಿಲೇರಿದಾಗ ಅದು ಬಾವಿಯ ಕಟ್ಟೆ, ಹನಿ ನೀರಿನ ಬುಡ, ಹುಲ್ಲಿನ ಬಣವೆ, ಕೊಟ್ಟಿಗೆ, ಕಡೆಗೆ ಮನೆಯ ಮೂಲೆ, ಹೀಗೆ ತಂಪಿದ್ದೆಡೆಗೆ ಬರುತ್ತದೆ. ಬೇಸಗೆಯಲ್ಲಿ ಹಾವುಗಳು ಹೆಚ್ಚಾದುವೆಂದು ಜನರು ಹೇಳುವುದು ಇದರಿಂದಲೇ. ಹಾವು ಹೆಚ್ಚುವುದಿಲ್ಲ, ಅದು ನಮ್ಮ ಹತ್ತಿರಕ್ಕೆ ಬರುತ್ತದೆ. ಕಂಡ ಹಾವನ್ನೆಲ್ಲ ಹೊಡೆಯುವವರು ಹೆಚ್ಚಾಗಿ ಕೊಲ್ಲುವುದು ಕೇರೆಯನ್ನು. ಕೇರೆಗೆ ವಿಷವಿಲ್ಲ, ಇಲಿಗೆ ಅದೇ ಮೃತ್ಯು. ಹಾವುಗಳನ್ನು ಕೊಲ್ಲುವುದು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ವಿರುದ್ಧವೂ ಆಗಿರುತ್ತದೆ.

ಇಷ್ಟು ಹೇಳಿದ ಮಾತ್ರಕ್ಕೆ ಅಪಾಯವನ್ನು ಮರೆಮಾಡಲಾಗದು. ನಾಗರಹಾವು, ಕೊಳಕುಮಂಡಲಗಳೂ ತಂಪಿಗೇ ಬರುತ್ತವೆ. ಕತ್ತಲೆಯಲ್ಲಿ ನೀರು ಕಟ್ಟುವವರು ದೀಪವಿಲ್ಲದೆ, ಮೆಟ್ಟಿಲ್ಲದೆ ತೋಟಕ್ಕೆ ಇಳಿಯಬಾರದು. ತರಗಿನ ರಾಶಿಯಲ್ಲಿ ಬರಿಗೈಯನ್ನು ಹಾಕಬಾರದು. ಹಾವು ಕಚ್ಚಿದರೆ ಕುಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು, ಮಂತ್ರಕ್ಕೆಂದು ಕಾಯುವುದು ಇವು ಯಾವುವೂ ಸಲ್ಲವು. ಕಚ್ಚಿಸಿಕೊಂಡವರನ್ನು ಅಲುಗಾಡಿಸದೆ ವಿಷನಿವಾರಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಕೂಡಲೆ ಒಯ್ಯತಕ್ಕದ್ದು. ೨೦೨೪ರಲ್ಲಿ ನಮ್ಮ ರಾಜ್ಯ ಸರ್ಕಾರದವರು, ಹಾವು ಕಡಿತದ ಪ್ರತಿಯೊಂದು ಪ್ರಸಂಗವನ್ನೂ ಆಸ್ಪತ್ರೆಗಳವರು ವರದಿ ಮಾಡಬೇಕೆಂದು ಗೊತ್ತುಮಾಡಿರುವುದನ್ನು ಗ್ರಾಮದ ಮುಖಂಡರು ತಿಳಿದಿರುವುದು ಒಳ್ಳೆಯದು.

ಅಕಾಲದ ಮಳೆ

ಇನ್ನು ೨೦೨೫ರಂಥ ಬೇಸಗೆ. ದಿವಸಗಟ್ಟಲೆ ಮಳೆ ಹಿಡಿದರೆ ಜೇನು ಹೊರಕ್ಕೆ ಹೋಗಲಾರದು. ಅರಳಿದ ಹೂವಿನ ಮಕರಂದವೂ ಪರಾಗವೂ ತೊಳೆದುಹೋಗುತ್ತವೆ. ತೆರೆದ ಗೂಡಿನಲ್ಲಿರುವ ಹಕ್ಕಿಮರಿಗಳು ನೆನೆದು ಚಳಿಯಿಂದ ಸಾಯುತ್ತವೆ. ತಾಯಿಗೆ ಹುಳುಗಳೂ ಸಿಗುವುದಿಲ್ಲ. ನೆಲದಲ್ಲಿ ನೀರು ನಿಂತರೆ ಎರೆಹುಳುಗಳು ಉಸಿರಿಗಾಗಿ ಮೇಲಕ್ಕೆ ಬರುತ್ತವೆ.

ಮಿತ್ರರು ಹೀಗೆ ಕಷ್ಟಪಡುತ್ತಿರುವಾಗ ಶತ್ರುಗಳಲ್ಲಿ ಕೆಲವರಿಗೆ ಇದು ಸುಗ್ಗಿ. ಆಫ್ರಿಕಾದ ದೊಡ್ಡ ಬಸವನಹುಳುವು ಒಣ ದಿವಸಗಳಲ್ಲಿ ತನ್ನ ಚಿಪ್ಪಿನ ಬಾಯಿಯನ್ನು ಮುಚ್ಚಿಕೊಂಡು ಬಿರುಕುಗಳಲ್ಲಿ ಮಲಗಿರುತ್ತದೆ. ಮಳೆ ಬಿದ್ದೊಡನೆ ಎದ್ದು ಇರುಳೆಲ್ಲ ಎಳೆಯ ಸಸಿಗಳನ್ನು ಮೇಯುತ್ತದೆ. ಗೊಣ್ಣೆಹುಳುವಿನ ದುಂಬಿಗಳು ಮೊದಲ ದೊಡ್ಡ ಮಳೆಗಾಗಿಯೇ ನೆಲದೊಳಗೆ ಕಾದಿರುತ್ತವೆ. ಮಳೆ ಬಿದ್ದ ದಿನಗಳ ಮುಸ್ಸಂಜೆಯಲ್ಲಿ ಅವು ಗುಂಪಾಗಿ ಹೊರಬಂದು ಬೇವು ಮೊದಲಾದ ಮರಗಳ ಮೇಲೆ ಕೂಡುತ್ತವೆ. ಮಳೆ ಬೇಗ ಬಂದರೆ ದುಂಬಿಯೂ ಬೇಗ ಬರುತ್ತದೆ. ಪಂಚಾಂಗವನ್ನು ನೋಡಿಕೊಂಡು ಕುಳಿತವನು ಅವುಗಳನ್ನು ಹಿಡಿಯುವ ಅವಕಾಶವನ್ನು ಕಳೆದುಕೊಳ್ಳುತ್ತಾನೆ. ಮಾವಿನ ಹಣ್ಣುನೊಣದ ಕೋಶವು ಮರದ ಕೆಳಗಣ ಮಣ್ಣಿನಲ್ಲಿರುತ್ತದೆ. ಒಣಗಿ ಕಾದ ಮಣ್ಣಿನಲ್ಲಿ ಅನೇಕವು ಸಾಯುತ್ತವೆ, ನೆನೆದ ಮಣ್ಣಿನಿಂದ ಹೆಚ್ಚಾಗಿ ಎದ್ದು ಬರುತ್ತವೆ. ಆದಕಾರಣ ಮಳೆಯ ಮೇ ತಿಂಗಳಲ್ಲಿ ಹಣ್ಣಿನೊಳಗೆ ಹುಳುಗಳು ಹೆಚ್ಚು.

ಈ ಶತ್ರುಗಳಿಗೂ ತಿನ್ನುವವರುಂಟು. ಈಸಲು ಹುಳುಗಳೂ ದುಂಬಿಗಳೂ ಏಳುವ ಸಂಜೆಗಳಲ್ಲಿ ಕಾಜಾಣ, ಗೂಬೆ, ಬಾವಲಿ, ಕಪ್ಪೆಗಳಿಗೆ ಹಬ್ಬವೇ ಸರಿ. ಹಿಂದಿನ ಬಿಸಿಲಿನಲ್ಲಿ ಇವುಗಳನ್ನು ಉಳಿಸಿಕೊಂಡ ತೋಟಕ್ಕೆ ಮಾತ್ರ ಆ ಹಬ್ಬದ ಲಾಭವು ದೊರೆಯುತ್ತದೆ.

ಮಾಡತಕ್ಕ ಕೆಲಸಗಳು

೧. ತರಗನ್ನು ಸುಡಬಾರದು. ತೆಂಗು, ಅಡಕೆ, ಬಾಳೆಗಳ ಒಣ ಎಲೆಗಳನ್ನು ಬುಡದ ಸುತ್ತ ಗೇಣುದ್ದ ಹರಡತಕ್ಕದ್ದು. ಕಾಂಡಕ್ಕೆ ತಗುಲದಂತೆ ಸ್ವಲ್ಪ ಬಯಲು ಬಿಡಬೇಕು. ಕಪ್ಪು ತಲೆಹುಳು ಬಲವಾಗಿ ಹಿಡಿದ ಕೆಳಗಿನ ಎರಡು ಮೂರು ಗರಿಗಳನ್ನು ಮಾತ್ರ ಕಡಿದು ಸುಡಬೇಕು. ಚೊಕ್ಕಟವೆಂದರೆ ರೋಗದ ಗರಿಯನ್ನು ತೆಗೆಯುವುದೇ ಹೊರತು ನೆಲವನ್ನು ಬೆತ್ತಲೆ ಮಾಡುವುದಲ್ಲ.

೨. ಜೀವಂತ ಬೇಲಿಯನ್ನು ಉಳಿಸಬೇಕು. ತಂತಿಬೇಲಿ ಬೇಕಾದರೆ ಅದರ ಒಳಸಾಲಿನಲ್ಲಿ ಹೊಂಗೆ, ಲಕ್ಕಿ, ನುಗ್ಗೆ, ಬೇವುಗಳನ್ನು ಬೆಳೆಸಬಹುದು. ಬೇವೂ ಹೊಂಗೆಯೂ ಬೇರೆ ಹೂವುಗಳು ಕಡಮೆಯಾಗಿರುವ ಮಾರ್ಚಿಯಿಂದ ಮೇವರೆಗಿನ ಕಾಲದಲ್ಲಿಯೇ ಹೂ ಬಿಡುವುದರಿಂದ ಜೇನಿಗೂ ಕಡಜಕ್ಕೂ ಬಹಳ ಉಪಕಾರಿಗಳು.

೩. ಮಾರ್ಚ್ ತಿಂಗಳು ಹುಟ್ಟಿದೊಡನೆ ಎಕರೆಗೆ ಎರಡು ಮೂರು ಕಡೆ ನೆರಳಿನಲ್ಲಿ, ಅಗಲವಾಗಿಯೂ ತಗ್ಗಾಗಿಯೂ ಇರುವ ಮಣ್ಣಿನ ತಟ್ಟೆಗಳಲ್ಲಿ ನೀರಿಡಬೇಕು. ಜೇನು ಮುಳುಗದಂತೆ ಒಳಗೆ ಕೆಲವು ಕಲ್ಲುಗಳನ್ನು ಹಾಕಬೇಕು. ಸೊಳ್ಳೆಯ ಮರಿಗಳಾಗದಂತೆ ದಿನದಿನವೂ ನೀರನ್ನು ಚೆಲ್ಲಿ ಹೊಸದನ್ನು ತುಂಬಬೇಕು.

೪. ಜೇನುಪೆಟ್ಟಿಗೆಗಳನ್ನು ಬಿಸಿಲಿನಿಂದ ನೆರಳಿಗೆ ಸರಿಸಿ, ಮೇಲೆ ತೆಂಗಿನ ಗರಿಯನ್ನೋ ನೆನೆಸಿದ ಗೋಣಿಯನ್ನೋ ಹೊದಿಸಬೇಕು. ಹೂವಿಲ್ಲದ ದಿವಸಗಳಲ್ಲಿ ಸಕ್ಕರೆಯನ್ನು ಸಮಭಾಗ ನೀರಿನಲ್ಲಿ ಕರಗಿಸಿ ಸಂಜೆಯಲ್ಲಿ ಕೊಡಬಹುದು. ಪೆಟ್ಟಿಗೆಯ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿರಿಸಿದರೆ ಇರುವೆಯ ಕಾಟವಿರದು.

೫. ಹೂವಿನ ಕಾಲದಲ್ಲಿ ವಿಷದ ಔಷಧಗಳನ್ನು ಸಿಂಪಡಿಸಬಾರದು. ಅನಿವಾರ್ಯವಾದರೆ ಜೇನು ಗೂಡಿಗೆ ಮರಳಿದ ಮೇಲೆ ಸಂಜೆಯಲ್ಲಿ ಸಿಂಪಡಿಸಬೇಕು. ತೆಂಗಿನ ಕಪ್ಪು ತಲೆಹುಳುವಿಗೆ ಪರೋಪಜೀವಿ ಕಡಜಗಳನ್ನು ಬೆಳೆಸಿ ಕೊಡುವ ಪ್ರಯೋಗಶಾಲೆಗಳುಂಟು. ಹುಳು ಸ್ವಲ್ಪವಿರುವಾಗಲೇ ಅವುಗಳನ್ನು ತರಿಸಿ, ತಂಪುಹೊತ್ತಿನಲ್ಲಿ ಬಿಡತಕ್ಕದ್ದು.

೬. ಮೊದಲ ದೊಡ್ಡ ಮಳೆಯ ದಿನ ಯಾವುದೇ ಆಗಲಿ, ಅಂದಿನ ಸಂಜೆಯಿಂದಲೇ ಗ್ರಾಮದವರೆಲ್ಲರೂ ಕೂಡಿ ಬೇವಿನ ಮರಗಳನ್ನು ಅಲುಗಾಡಿಸಿ, ಬಿದ್ದ ದುಂಬಿಗಳನ್ನು ಆರಿಸಿ ನಾಶಮಾಡಬೇಕು. ಬಸವನಹುಳುಗಳನ್ನು ಒದ್ದೆ ಗೋಣಿಯ ಕೆಳಗೆ ಪರಂಗಿಯ ಎಲೆ, ಕೋಸಿನ ಎಲೆಗಳನ್ನಿಟ್ಟು ಸೆಳೆದು, ಬೆಳಗ್ಗೆ ಕೈಗವಸು ಹಾಕಿಕೊಂಡು ಆರಿಸಬಹುದು. ಉದುರಿದ ಮಾವಿನ ಹಣ್ಣುಗಳನ್ನು ದಿನವೂ ಆಯ್ದು ಆಳವಾಗಿ ಹೂಳಬೇಕು. ಒಬ್ಬನೇ ಮಾಡಿದರೆ ಈ ಕೆಲಸಗಳಿಂದ ಫಲವು ಸ್ವಲ್ಪ. ಊರೇ ಮಾಡಿದರೆ ಬಹಳ.

೭. ಗೋಕಟ್ಟೆಯೂ ಗುಂಡುತೋಪೂ ಯಾರೊಬ್ಬರ ಸ್ವತ್ತೂ ಅಲ್ಲದ್ದರಿಂದ ಯಾರ ಗಮನಕ್ಕೂ ಬಾರದೆ ಹಾಳಾಗುತ್ತಿವೆ. ಹೂಳು ತೆಗೆದ ಒಂದು ಗೋಕಟ್ಟೆಯಲ್ಲಿ ಮೇ ಕಡೆಯವರೆಗೆ ಮೊಣಕಾಲುದ್ದ ನೀರು ನಿಂತರೆ ದನಗಳೊಂದಿಗೆ ಊರಿನ ಕಪ್ಪೆ, ಹಕ್ಕಿ, ಜೇನುಗಳೆಲ್ಲವೂ ಬದುಕುತ್ತವೆ. ಈ ಕೆಲಸವು ವಿಶೇಷವಾಗಿ ಗ್ರಾಮದ ಮುಖಂಡರದು.

ದಾರಿಹೋಕರಿಗಾಗಿ ಬೇಸಗೆಯಲ್ಲಿ ಅರವಟ್ಟಿಗೆಯನ್ನಿಡುವುದು ನಮ್ಮ ಹಿರಿಯರ ಪದ್ಧತಿ. ಬಾವಿಯ ಪಕ್ಕದಲ್ಲಿ ದನಗಳಿಗೆ ಕಲ್ಲುತೊಟ್ಟಿಯನ್ನು ಕಟ್ಟಿಸಿ ಅದರ ಅಂಚಿನಲ್ಲಿ ಹಕ್ಕಿಗಳು ಕುಡಿಯಲೆಂದು ಕುಳಿ ಕೊರೆಯಿಸಿದವರೂ ಉಂಟು. ಅವರು ಇದನ್ನು ಪುಣ್ಯವೆಂದು ಮಾಡಿದರು. ಪುಣ್ಯದ ಲೆಕ್ಕವನ್ನು ಬಿಟ್ಟು ಫಸಲಿನ ಲೆಕ್ಕವನ್ನೇ ಹಿಡಿದರೂ ಕೆಲಸವು ಅದೇ ಆಗಿರುತ್ತದೆ.

ಹಿಂದೆ ಹೇಳಿದ ಯಜಮಾನರು ೨೦೨೪ರ ಮಳೆಗಾಲದಲ್ಲಿ ತಂತಿಬೇಲಿಯ ಒಳಗೆ ಹೊಂಗೆಯ ಸಸಿಗಳನ್ನು ನೆಡಿಸಿದರು. ತರಗಿಗೆ ಬೆಂಕಿಯಿಡುವುದನ್ನು ನಿಲ್ಲಿಸಿದರು. ಕಡಜಗಳನ್ನು ತರಿಸಿ ಬಿಟ್ಟರು. ಮಾರನೆಯ ವರ್ಷ ನಾನು ಹೋದಾಗ ಹೊಸ ಗರಿಗಳು ಹಸುರಾಗಿದ್ದುವು. ಇದರಲ್ಲಿ ಮಳೆಯ ಪಾಲೆಷ್ಟು, ಕಡಜದ ಪಾಲೆಷ್ಟು ಎಂಬುದನ್ನು ಬೇರ್ಪಡಿಸಿ ಹೇಳಲಾಗದು. ಅದೇ ದಿವಸ ಪಕ್ಕದ ತೋಟಕ್ಕೂ ಹೋಗಿ, ಹಿಂದೆ ಆಡಿದ ಗಟ್ಟಿ ಮಾತುಗಳಿಗಾಗಿ ಆ ಹಿರಿಯಳ ಕ್ಷಮೆಯನ್ನು ಕೇಳಿದೆನು. ಆಕೆಯು ನಕ್ಕು, "ಕಸ ಗುಡಿಸೋಕೆ ಕೈಲಾಗಲಿಲ್ಲ ಕಣಪ್ಪ, ಅದಕ್ಕೇ ಬಿಟ್ಟಿದ್ದೆ" ಎಂದಳು. ಕೈಲಾಗದೆ ಬಿಟ್ಟುದು ಆಕೆಯ ತೋಟವನ್ನು ಕಾಯಿತು. ಕೈಲಾಗುವ ನಾವು ತಿಳಿದು ಬಿಟ್ಟರೆ, ಮುಂದೆ ಬರತಕ್ಕ ವಿಪರೀತ ಬೇಸಗೆಗಳಲ್ಲಿ ನಮ್ಮ ತೋಟಗಳನ್ನೂ ಕಾಯಬಹುದೆಂದು ನನ್ನ ನಂಬಿಕೆ.